ಕೋಚ್ ನೈಬರ್ಗನ ಟೋಪಿ ಮತ್ತು ಮೂಗು

ಎಲ್ಮರ್ ನೈಬರ್ಗನಿಗೆ ಮೂಗು ತುರಿಸಿದರೆ ಕೆರೆದುಕೊಳ್ಳುವ ಹಾಗಿರಲಿಲ್ಲ. ಕೆರೆದುಕೊಂಡರೆ ಹನ್ನೊಂದು ಹುಡುಗರು ಎಡಕ್ಕೆ ಓಡಿಬಿಡುತ್ತಿದ್ದರು.

ಈ ಸ್ಥಿತಿಯನ್ನು ಅವನು ತಾನಾಗಿಯೇ ತಂದುಕೊಂಡಿದ್ದ. ಆಟ ನಡೆಯುವಾಗ ಕೋಚ್ ಆದವನು ಅಂಚಿನಲ್ಲಿ ಕೂತು ಏನೂ ಹೇಳಿಕೊಡಕೂಡದು, ಕೂಗಕೂಡದು, ಸನ್ನೆ ಮಾಡಕೂಡದು ಎಂದು ಆಗಿನ ಅಮೆರಿಕನ್ ಕಾಲೇಜು ಫುಟ್‌ಬಾಲಿನ ನಿಯಮ. ಹುಡುಗರು ತಾವೇ ಯೋಚಿಸಿ ಆಡಿದರೆ ಚಾರಿತ್ರ್ಯ ಬೆಳೆಯುತ್ತದೆ ಎಂದು ನಿಯಮ ಬರೆದವರ ನಂಬಿಕೆ. ನೆಬ್ರಾಸ್ಕಾದ ಸಣ್ಣ ಕಾಲೇಜುಗಳ ಕೋಚ್‌ಗಳು ಭಾನುವಾರ ಚರ್ಚಿನಲ್ಲಿ ಚಾರಿತ್ರ್ಯದ ಮಾತು ಬಂದಾಗ ತಲೆದೂಗುತ್ತಿದ್ದರು. ಶನಿವಾರ ಮೈದಾನದಲ್ಲಿ ತಂತಮ್ಮ ದಾರಿ ನೋಡಿಕೊಳ್ಳುತ್ತಿದ್ದರು. ಒಬ್ಬ ಸಿಗಾರನ್ನು ಬಾಯಿಯ ಆ ಮೂಲೆಯಿಂದ ಈ ಮೂಲೆಗೆ ಹೊರಳಿಸುತ್ತಿದ್ದ. ಇನ್ನೊಬ್ಬ ಕಾಲ ಮೇಲೆ ಕಾಲು ಹಾಕುತ್ತಿದ್ದ. ಎಲ್ಮರ್ ನಮ್ಮ ಹ್ಯಾಲ್ಸ್‌ಬರ್ಗ್ ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷ ಕೋಚ್ ಆಗಿದ್ದವನು. ಬೆಂಚಿನ ಮೇಲೆ ಕೂತ ಮನುಷ್ಯ ಯಾರಿಗೂ ಅನುಮಾನ ಬಾರದ ಹಾಗೆ ಏನೇನು ಮಾಡಬಹುದೋ ಅದನ್ನೆಲ್ಲ ಅವನು ಒಂದೊಂದಾಗಿ ಖರ್ಚು ಮಾಡಿ ಮುಗಿಸಿದ್ದ. ಮೂಗು ಕೆರೆದರೆ ಎಡಕ್ಕೆ. ಕಿವಿ ಎಳೆದರೆ ಬಲಕ್ಕೆ. ಗದ್ದ ಸವರಿದರೆ ನಡುವಿನಿಂದ ನುಗ್ಗಬೇಕು. ಕೆಮ್ಮಿ ಕರವಸ್ತ್ರ ತೆಗೆದರೆ ಚೆಂಡನ್ನು ಮುಂದಕ್ಕೆ ಎಸೆಯಬೇಕು. ಆದರೆ ಚೆಂಡನ್ನು ಗಾಳಿಗೆ ಬಿಡುವುದೆಂದರೆ ಅವನಿಗೆ ಹಸುವನ್ನು ಹೆದ್ದಾರಿಗೆ ಬಿಟ್ಟಷ್ಟು ಸಂಕಟ, ಹಾಗಾಗಿ ಕರವಸ್ತ್ರ ಸದಾ ಇಸ್ತ್ರಿ ಮಡಿಕೆಯಲ್ಲೇ ಇರುತ್ತಿತ್ತು. ಇವೆಲ್ಲದರ ಮೇಲೆ, ತಲೆಯ ಕಂದು ಫೆಲ್ಟ್ ಟೋಪಿ ತೆಗೆದನೆಂದರೆ ಅರ್ಥ ಒಂದೇ: ಇನ್ನು ಸಾಕು, ಚೆಂಡನ್ನು ಒದ್ದು ದೂರ ಕಳಿಸು.

ಚೆಂಡು ಕೈಯಲ್ಲಿರುವ ತಂಡ ಎದುರಾಳಿಯನ್ನು ತಳ್ಳಿಕೊಂಡು ನಾಲ್ಕು ಸರದಿಯೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋಗದಿದ್ದರೆ ನಿಂತಲ್ಲೇ ಚೆಂಡು ಎದುರಾಳಿಯ ಪಾಲು. ಅದಕ್ಕೇ ಬೇರೆ ತಂಡದವರು ಮೂರು ಸರದಿ ಗುದ್ದಾಡಿ, ಆಗದಿದ್ದರೆ ನಾಲ್ಕನೆಯದರಲ್ಲಿ ಒದೆಯುತ್ತಾರೆ. ಎಲ್ಮರ್ ಮೂರನೆಯದರಲ್ಲೇ ಒದೆಸುತ್ತಿದ್ದ. ಮನಸ್ಸು ಸರಿಯಿಲ್ಲದ ದಿನ ಎರಡನೆಯದರಲ್ಲೂ.

"ನಮ್ ಎಲ್ಮರ್ ಕೈಗೆ ಚರ್ಚಲ್ಲಿ ಕಾಣಿಕೆ ತಟ್ಟೆ ಕೊಟ್ ನೋಡಿ," ಎನ್ನುತ್ತಿದ್ದ ಕ್ಷೌರದಂಗಡಿಯ ಆಸ್ಕರ್, ಗಿರಾಕಿಯ ಗದ್ದಕ್ಕೆ ನೊರೆ ಬಳಿಯುತ್ತಾ. "ಮೂರನೇ ಸಾಲಿಗ್ ಬರೋಷ್ಟ್ರಲ್ಲಿ ಒದ್ಬಿಡ್ತಾನೆ."

ಕೆಟ್ಟ ಕಾಲದಲ್ಲಿ, ಬಯಲೆಲ್ಲ ಧೂಳೆದ್ದು ಹಾರುತ್ತಿದ್ದ ವರ್ಷಗಳಲ್ಲಿ ಹ್ಯಾಲ್ಸ್‌ಬರ್ಗಿಗೆ ಬಂದವನು ಎಲ್ಮರ್. ಭೂಗೋಳ ಪಾಠ ಹೇಳಿದ, ಚಳಿಗಾಲಕ್ಕೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಟ್ಟ, ಮೈದಾನಕ್ಕೆ ಸುಣ್ಣದ ಗೆರೆ ಎಳೆದ, ಬಸ್ಸು ಓಡಿಸಿದ, ಹುಡುಗರ ಅಂಗಿ ಒಗೆದ. ಯುದ್ಧ ಬಂದು ಗಂಡುಹುಡುಗರೆಲ್ಲ ಹಡಗು ಹತ್ತಿದಾಗ ಉಳಿದ ಕುಂಟ, ಕುರುಡರನ್ನೇ ಸೇರಿಸಿಕೊಂಡು ಆಡಿಸಿದ. ಗೆದ್ದದ್ದಕ್ಕಿಂತ ಸೋತದ್ದು ಸ್ವಲ್ಪ ಹೆಚ್ಚು. ಆದರೂ ಊರಿನಲ್ಲಿ ಅವನನ್ನು ಕೋಚ್ ಎಂದೇ ಕರೆಯುತ್ತಿದ್ದರು. ಅವನ ತಾಯಿ ಕೂಡ ಕೊನೆಗಾಲದಲ್ಲಿ ಹಾಗೇ ಕರೆದಳಂತೆ.

ಐವತ್ತೆಂಟನೆಯ ಇಸವಿಯ ವಸಂತದಲ್ಲಿ ಕಾಲೇಜಿನ ಅಧ್ಯಕ್ಷರಾದ ಡಾಕ್ಟರ್ ಬ್ರೋಡಿನ್ ಅವನನ್ನು ಕರೆದು ಕ್ರೀಡಾ ನಿರ್ದೇಶಕನನ್ನಾಗಿ ಮಾಡಿದರು. ಅವರು ಪಾದ್ರಿಯಾಗಿದ್ದವರು, ಯಾರಿಗೂ ನೋವಾಗದ ಹಾಗೆ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸುವುದು ಅವರಿಗೆ ಗೊತ್ತಿತ್ತು. ಬಾಗಿಲ ಮೇಲೆ ಹೆಸರು ಬಂತು. ಎರಡು ಕಿಟಕಿಯ ಕೋಣೆ ಬಂತು. ಎರಡು ಕಿಟಕಿಗಳಲ್ಲೂ ಮೈದಾನ ಕಾಣುತ್ತಿರಲಿಲ್ಲ. ಒಂದರಲ್ಲಿ ಕಲ್ಲಿದ್ದಲ ರಾಶಿ, ಇನ್ನೊಂದರಲ್ಲಿ ಸಂಗೀತ ವಿಭಾಗ. ಇನ್ನು ಮುಂದೆ ಟವೆಲ್ಲು ಎಷ್ಟು ಡಜನ್ ಬೇಕು, ಹುಡುಗಿಯರ ಟೆನಿಸ್ ಬಲೆಗೆ ಹೊಲಿಗೆ ಸಾಕೋ ಹೊಸದು ಬೇಕೋ, ಮುಂದಿನ ವರ್ಷ ಯಾವ ಊರಿನ ಮೇಲೆ ಯಾವ ಶನಿವಾರ ಆಟ, ಇದು ಅವನ ಕೆಲಸ.

ಕೋಚ್ ಜಾಗಕ್ಕೆ ಡ್ವೇನ್ ಕುಬಾಟ್ ಬಂದ. ಹಿಂದೆ ಎಲ್ಮರನ ಕೈಕೆಳಗೇ ತಂಡ ನಡೆಸುತ್ತಿದ್ದ ಆಟಗಾರ, ಆಮೇಲೆ ಅವನ ಸಹಾಯಕ. ಒಳ್ಳೆಯ ಹುಡುಗ, ಆದರೆ ಚೆಂಡು ಎಸೆಯುವುದರಲ್ಲಿ ನಂಬಿಕೆ ಇಟ್ಟವನು.

"ನಂದೊಂದೇ ಬೇಡಿಕೆ," ಎಂದಿದ್ದ ಎಲ್ಮರ್ ಅಧ್ಯಕ್ಷರಿಗೆ. "ಶನಿವಾರ ನಂಗೊಂದ್ ಸೀಟು."

"ನನ್ನ ಪಕ್ಕದಲ್ಲೇ, ಎಲ್ಮರ್. ಮಧ್ಯದಲ್ಲೇ," ಎಂದಿದ್ದರು ಅವರು, ಧಾರಾಳವಾಗಿ.

ಸೆಪ್ಟೆಂಬರಿನ ಮೊದಲ ಆಟಕ್ಕೆ ಕ್ಯಾನ್ಸಸ್‌ನಿಂದ ಒಂದು ತಂಡ ಬಂದಿತ್ತು. ಎಲ್ಮರ್ ಪ್ರೇಕ್ಷಕರ ಮೆಟ್ಟಿಲು ಸಾಲಿನ ನಟ್ಟನಡುವೆ, ಎಡಕ್ಕೆ ಹೆಂಡತಿ ಹಿಲ್ಮಾಳನ್ನು, ಬಲಕ್ಕೆ ಡಾಕ್ಟರ್ ಬ್ರೋಡಿನ್ನರನ್ನು ಇಟ್ಟುಕೊಂಡು ಕೂತ. ಎಲೆಕೋಸು, ಮಾಂಸ ತುಂಬಿದ ಬಿಸಿ ಬನ್ನು ತಿಂದ. ಡ್ವೇನ್ ಎರಡು ಸಲ ಚೆಂಡು ಎಸೆಸಿದಾಗ ಹಲ್ಲು ಕಚ್ಚಿಕೊಂಡ. ಎಲ್ಲಾ ಸರಿಯಾಗಿಯೇ ನಡೆದಿತ್ತು. ಹ್ಯಾಲ್ಸ್‌ಬರ್ಗ್ ಮೂರು ಅಂಕ ಮುಂದಿತ್ತು. ಕೊನೆಯ ಕಾಲು ಭಾಗ. ಎರಡನೆಯ ಸರದಿ, ಎರಡೇ ಗಜ ಬಾಕಿ.

ಆಗ ಮೈದಾನದ ಹಿಂದಿನ ರಸ್ತೆಯಲ್ಲಿ ಮುದುಕಿ ಆಗ್ನೆಸ್ ಫ್ರೀಸ್‌ಳ ಶವದ ಗಾಡಿ ಬಂತು. ಸ್ಮಶಾನಕ್ಕೆ ಅದೊಂದೇ ದಾರಿ. ನಮ್ಮೂರಲ್ಲಿ ಶವದ ಗಾಡಿ ಹಾದುಹೋದರೆ ಟ್ರ್ಯಾಕ್ಟರ್ ಮೇಲಿದ್ದವನೂ ಇಳಿದು ನಿಲ್ಲುತ್ತಾನೆ. ಮೆಟ್ಟಿಲ ಮೇಲಿದ್ದ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಟೋಪಿ ತೆಗೆದರು. ಎಲ್ಮರನೂ ತೆಗೆದ. ತೆಗೆದು ಎದೆಗೆ ಒತ್ತಿಕೊಂಡ. ಆಗ್ನೆಸ್ ಅವನಿಗೆ ಪ್ರತಿ ಕ್ರಿಸ್‌ಮಸ್‌ಗೂ ಉಪ್ಪು ಜಾಸ್ತಿಯಾದ ಮೀನು ಕಳಿಸುತ್ತಿದ್ದವಳು.

ಮೈದಾನದಲ್ಲಿ ತಂಡ ನಡೆಸುತ್ತಿದ್ದವನು ಮೆರ್ಲ್ ಎಂಬ ಉದ್ದನೆಯ ಹುಡುಗ. ಮೂರು ವರ್ಷ ಎಲ್ಮರನ ಕೈಯಲ್ಲಿ ಪಳಗಿದವನು. ಅವನು ಅಭ್ಯಾಸಬಲದಿಂದ ಒಮ್ಮೆ ಮೇಲಕ್ಕೆ ನೋಡಿದ. ನೂರಾರು ಟೋಪಿ ಕೆಳಗಿಳಿದಿದ್ದವು, ಅವನಿಗೆ ಕಂಡದ್ದು ಒಂದೇ. ಒಂದು ಕ್ಷಣ ಅವನ ಮುಖದಲ್ಲಿ ಗೊಂದಲ, ಮರುಕ್ಷಣ ಶಿಸ್ತು. ಚೆಂಡು ಕೈಗೆ ಬಂದದ್ದೇ ತಡ, ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹಿಂದೆ ಓಡಿ ಬಲವಾಗಿ ಒದ್ದ. ಅವನು ಒದೆಯುತ್ತಾನೆಂದು ಗೊತ್ತಿಲ್ಲದ ತನ್ನದೇ ತಂಡದ ದಪ್ಪ ಹುಡುಗನ ಬೆನ್ನಿಗೆ ಚೆಂಡು ಬಡಿಯಿತು. ಕ್ಯಾನ್ಸಸ್‌ನವರು ಅದನ್ನು ಎತ್ತಿಕೊಂಡು, ಪಿಕ್‌ನಿಕ್ಕಿಗೆ ಹೋದವರ ಹಾಗೆ, ಕೊನೆಯ ಗೆರೆ ದಾಟಿ ಆರು ಅಂಕ ಗಳಿಸಿದರು.

"ಯಾರೋ ನಿಂಗೆ ಒದಿ ಅಂದಿದ್ದು?" ಎಂದು ಡ್ವೇನ್ ಬೆಂಚಿನಿಂದ ಕೂಗಿದ.

"ಕೋಚು!" ಎಂದ ಮೆರ್ಲ್, ಹೆಬ್ಬೆರಳು ಮೆಟ್ಟಿಲ ಕಡೆಗೆ ಮಾಡಿ. ಇಬ್ಬರ ನಡುವೆ ನಿಂತಿದ್ದ ಅಂಪೈರು ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡ.

ಆಟ ಸೋತ ಮೇಲೆ ಡ್ವೇನ್ ಮೆಟ್ಟಿಲು ಹತ್ತಿ ಬಂದ. ಸಿಟ್ಟಿದ್ದರೂ ಎಲ್ಮರನ ಎದುರು ತಲೆ ಎತ್ತಿ ಮಾತಾಡಿ ಅಭ್ಯಾಸವಿರಲಿಲ್ಲ, ಅದಕ್ಕೆ ಎಲ್ಮರನ ಬೂಟಿನ ಜೊತೆ ಮಾತಾಡಿದ.

"ಕೋಚ್, ತಂಡ ನೀವೇ ನಡೆಸ್ತೀನಿ ಅಂದ್ರೆ ಹೇಳ್ಬಿಡಿ. ನಾನು ಟವೆಲ್ ಎಣಿಸ್ತೀನಿ."

"ಅಲ್ಲಪ್ಪಾ ಡ್ವೇನ್, ಆಗ್ನೆಸ್ ಹೋಗ್ತಿದ್ಲು."

"ಹೋಗ್ಲಿ ಕೋಚ್. ಅವಳ ಜೊತೆ ನಮ್ಮಾಟಾನೂ ಹೋಯ್ತಲ್ಲ."

"ಸತ್ತವರಿಗೆ ಟೋಪಿ ತೆಗೀಬಾರ್ದಾ?"

ಹಿಲ್ಮಾ ಚೀಲ ಎತ್ತಿಕೊಳ್ಳುತ್ತಾ, "ನಾನ್ ಮದ್ವೆಯಾದಾಗಿಂದ ನೋಡ್ತಿದೀನಿ, ಡ್ವೇನ್. ಚರ್ಚಲ್ಲಿ ಈತ ಮೂಗು ಮುಟ್ಕೊಂಡ್ರೆ ಹುಡುಗರ ಸಾಲು ಪೂರ್ತಿ ಎಡಕ್ಕೆ ವಾಲತ್ತೆ. ಕಾಯಿಲೆ ಇದು, ಮನೇಲೊಬ್ರಿಗೆ ಬಂದ್ರೆ ಊರಿಗೆಲ್ಲ," ಎಂದಳು.

ಸೋಮವಾರ ಅಧ್ಯಕ್ಷರ ಕೋಣೆ. ಕಾಲೇಜುಗಳ ಒಕ್ಕೂಟದಿಂದ ಬೆಳಗ್ಗೆಯೇ ಫೋನು ಬಂದಿತ್ತು. ಹ್ಯಾಲ್ಸ್‌ಬರ್ಗಿನ ಕ್ರೀಡಾ ನಿರ್ದೇಶಕರು ಸಾರ್ವಜನಿಕರ ನಡುವೆ ಕೂತು ಕದ್ದು ಸನ್ನೆ ಮಾಡುತ್ತಾರೆ ಎಂದು ಅಂಪೈರು ದೂರಿತ್ತಿದ್ದ.

"ಸನ್ನೆ ಮಾಡಿದ್ದು ನಿಜವೇ?" ಎಂದರು ಡಾಕ್ಟರ್ ಬ್ರೋಡಿನ್.

"ಟೋಪಿ ತೆಗೆದೆ ಅಷ್ಟೆ. ನೀವೂ ತೆಗೆದ್ರಲ್ಲ."

"ನಾನು ತೆಗೆದರೆ ಯಾರೂ ಚೆಂಡು ಒದೆಯೋದಿಲ್ಲ, ಎಲ್ಮರ್."

ಅದು ನಿಜವಾಗಿತ್ತು. ಅಧ್ಯಕ್ಷರು ಕನ್ನಡಕ ಒರೆಸಿದರು. ಮೃತರಿಗೆ ಸಲ್ಲಬೇಕಾದ ಗೌರವ, ಒಕ್ಕೂಟಕ್ಕೆ ಸಲ್ಲಬೇಕಾದ ವಿಧೇಯತೆ, ಎರಡನ್ನೂ ಮನಸ್ಸಿನಲ್ಲೇ ತೂಗಿದರು. ಕೊನೆಗೆ, "ಇನ್ನೊಂದು ಸಲ ಇಂಥದ್ದಾದರೆ ಶನಿವಾರ ನೀವು ಮನೆಯಲ್ಲೇ ಇರಬೇಕಾಗುತ್ತೆ. ರೇಡಿಯೋ ಕೇಳಿ," ಎಂದರು.

"ನಮ್ಮಾಟ ರೇಡಿಯೋದಲ್ಲಿ ಬರಲ್ಲ, ಡಾಕ್ಟ್ರೇ."

"ಹೌದಲ್ಲ," ಎಂದು ಅವರು ಯೋಚಿಸಿದರು. "ನಿಮ್ಮ ಮನೆ ಎರಡೇ ಬೀದಿ ಆಚೆ. ಕಿಟಕಿ ತೆರೆದಿಟ್ಟರೆ ಗದ್ದಲ ಕೇಳಿಸುತ್ತೆ."

ಎಲ್ಮರ್ ತನ್ನ ಕೋಣೆಗೆ ಹೋಗಿ ಕಲ್ಲಿದ್ದಲ ರಾಶಿಯನ್ನು ನೋಡುತ್ತಾ ಕೂತ. ಮನೆಯಲ್ಲಿ ಕೂತು ಗದ್ದಲ ಕೇಳಿಸಿಕೊಳ್ಳುವುದು. ಯಾರದ್ದೋ ಮನೆಯ ಮದುವೆ ಊಟದ ವಾಸನೆ ಹಿಡಿದ ಹಾಗೆ. ಅದಕ್ಕಿಂತ ಆ ಆಗ್ನೆಸ್ ಜೊತೆ ಗಾಡಿ ಹತ್ತುವುದೇ ವಾಸಿ ಅನ್ನಿಸಿತು.

ಮಾರನೆಯ ದಿನ ಡ್ವೇನ್ ಬಾಗಿಲಲ್ಲಿ ನಿಂತಿದ್ದ.

"ಕೋಚ್, ನಾಳೆ ಅಭ್ಯಾಸಕ್ಕೆ ಬನ್ನಿ."

ಎಲ್ಮರನ ಕಣ್ಣು ಅರಳಿತು. "ಏನ್ ಹೇಳಿಕೊಡ್ಬೇಕು?"

"ಏನೂ ಬೇಡ. ಅಂಚಲ್ಲಿ ನಿಂತ್ಕೊಂಡು ಮೂಗು ಕೆರ್ಕೊಳ್ಳಿ, ಕಿವಿ ಎಳ್ಕೊಳ್ಳಿ. ಟೋಪಿ ತೆಗೀರಿ, ಹಾಕ್ಕೊಳ್ಳಿ. ನಿಮ್ಮ ಕಡೆ ಯಾರ್ ನೋಡ್ತಾರೋ ಅವರಿಗೆ ಮೈದಾನ ಸುತ್ತಿಸ್ತೀನಿ."

"ನನ್ನ ನೋಡಿದ್ದಕ್ಕಾ?"

"ಹೊಸ ಸನ್ನೆ ಕಲಿಸ್ಬೇಕು, ಕೋಚ್. ಹಳೇದು ಬಿಡಿಸದೆ ಹೊಸದು ಹತ್ತಲ್ಲ. ನಂಗೇ ಬಿಟ್ಟಿಲ್ಲ ನೋಡಿ. ಮೊನ್ನೆ ನೀವು ಗದ್ದ ಸವರಿದ್ರಿ, ನಾನು ಕೂತಲ್ಲೇ ಮುಂದಕ್ಕೆ ಬಗ್ಗಿಬಿಟ್ಟೆ."

ಹೀಗೆ ಎಲ್ಮರ್ ನೈಬರ್ಗ್ ಇಪ್ಪತ್ತನಾಲ್ಕು ವರ್ಷ ಕಟ್ಟಿದ್ದನ್ನು ತಾನೇ ನಿಂತು ಬಿಚ್ಚಿದ. ಬುಧವಾರ ಅವನು ಮೂಗು ಕೆರೆದಾಗ ಏಳು ಹುಡುಗರು ಎಡಕ್ಕೆ ಹೆಜ್ಜೆ ಇಟ್ಟರು. ಏಳೂ ಜನ ಏದುಸಿರು ಬಿಡುತ್ತಾ ಸುತ್ತು ಹೊಡೆದರು. ಮುಂದಿನ ವಾರ ಮೂವರು. ಅದರ ಮುಂದಿನ ವಾರ ಮೆರ್ಲ್ ಒಬ್ಬನೇ. ಓಡುತ್ತಾ ಹತ್ತಿರ ಬಂದಾಗ ಅವನು, "ಕ್ಷಮ್ಸಿ ಕೋಚ್, ನಿಮ್ಮನ್ನ ನೋಡ್ಬಾರ್ದು ಅಂತ ಅನ್ಕೋತೀನಿ, ಕಣ್ಣು ಕೇಳಲ್ಲ," ಎಂದ. ಅಕ್ಟೋಬರಿನ ಒಂದು ಸಂಜೆ ಅವನು ಟೋಪಿ ತೆಗೆದು ಬೀಸಿದ, ಎರಡು ಕಿವಿ ಒಟ್ಟಿಗೆ ಎಳೆದ, ಕರವಸ್ತ್ರವನ್ನು ಬಾವುಟದಂತೆ ಆಡಿಸಿದ. ಒಬ್ಬನೂ ತಿರುಗಲಿಲ್ಲ.

"ವಾಸಿಯಾಯ್ತು," ಎಂದ ಡ್ವೇನ್, ಖುಷಿಯಿಂದ ಎಲ್ಮರನ ಬೆನ್ನು ತಟ್ಟಿ.

"ಹೌದು," ಎಂದ ಎಲ್ಮರ್. ಮನೆಗೆ ಹೋಗಿ ಆ ದಿನ ಎರಡನೆಯ ಸಲ ಆಲೂಗಡ್ಡೆ ಹಾಕಿಸಿಕೊಳ್ಳಲಿಲ್ಲ. ಹಿಲ್ಮಾ ಅದನ್ನು ಗಮನಿಸಿ ಏನೂ ಅನ್ನಲಿಲ್ಲ, ಅದು ಅವಳಿಗೆ ಸುಲಭದ ಕೆಲಸವಲ್ಲ.

ಹುಡುಗರಿಗೆ ವಾಸಿಯಾದರೂ ಅಧ್ಯಕ್ಷರ ಎಚ್ಚರಿಕೆಗೆ ವಾಸಿಯಾಗಿರಲಿಲ್ಲ. ಯಾರು ನೋಡುತ್ತಾರೆ, ಯಾರು ನೋಡುವುದಿಲ್ಲ ಎಂಬ ಸೂಕ್ಷ್ಮ ಒಕ್ಕೂಟಕ್ಕೆ ಬೇಕಿರಲಿಲ್ಲ. ನಿರ್ದೇಶಕರ ಕೈ ಅಲುಗಾಡಿತೇ ಇಲ್ಲವೇ, ಅಷ್ಟೆ. ಹಾಗಾಗಿ ಎಲ್ಮರ್ ಶನಿವಾರ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂರುತ್ತಿದ್ದ. ಬನ್ನನ್ನು ಹಿಲ್ಮಾ ತಿನ್ನಿಸುತ್ತಿದ್ದಳು.

"ಬಾಯಿ ತೆಗಿ. ದೊಡ್ಡದಾಗಿ. ಸಾಸಿವೆ ಹಾಕ್ಲಾ?"

"ಹಿಲ್ಮಾ, ಜನ ನೋಡ್ತಿದಾರೆ."

"ನೋಡ್ಲಿ. ನಮ್ ಮೊಮ್ಮಗಂಗೂ ಹಿಂಗೇ ತಿನ್ಸೋದು, ಅವನು ಇಷ್ಟು ಗೊಣಗಲ್ಲ."

ನವೆಂಬರಿನ ಗಾಳಿ ಶುರುವಾದ ಮೇಲೆ ಅವಳು ಇನ್ನೊಂದು ಉಪಾಯ ಮಾಡಿದಳು. ರಾಷ್ಟ್ರಗೀತೆ ಮುಗಿದು ಗಂಡಸರು ಟೋಪಿ ಇಟ್ಟುಕೊಂಡ ಕೂಡಲೇ, ಗಂಡನ ಟೋಪಿಯ ಮೇಲಿನಿಂದ ಉಣ್ಣೆಯ ಮಫ್ಲರ್ ಹಾಯಿಸಿ ಗದ್ದದ ಕೆಳಗೆ ಎರಡು ಗಂಟು ಬಿಗಿಯುತ್ತಿದ್ದಳು. ಟೋಪಿ ಹಾರುವ ಭಯವೂ ಇಲ್ಲ, ಎತ್ತುವ ಆಸೆಯೂ ಇಲ್ಲ. ಎಲ್ಮರ್ ಹಲ್ಲುನೋವಿನ ದೊಡ್ಡ ಕೂಸಿನಂತೆ ಕಾಣುತ್ತಿದ್ದ.

ಆ ವರ್ಷದ ಕೊನೆಯ ಆಟ ಮಾರ್ಟಿನ್ಸ್‌ಡೇಲ್ ಮೇಲೆ. ಪಕ್ಕದ ಜಿಲ್ಲೆಯ ಜರ್ಮನರ ಕಾಲೇಜು, ಹಳೆಯ ಹಗೆ. ಅಲ್ಲಿಯ ಕೋಚ್ ಗಸ್ ಮೆಂಕೆ, ಪೀಪಾಯಿಯಂಥ ಮನುಷ್ಯ. ಸತತ ಏಳು ವರ್ಷ ಎಲ್ಮರ್ ಅವನ ಕೈಯಲ್ಲಿ ಸೋತಿದ್ದ. ನಾವು ಎಡಕ್ಕೆ ಹೋದರೆ ಮೆಂಕೆಯ ಹುಡುಗರು ಮೊದಲೇ ಎಡದಲ್ಲಿರುತ್ತಿದ್ದರು. ಒದ್ದರೆ ಚೆಂಡು ಬೀಳುವ ಜಾಗದಲ್ಲಿ ಕೈಚಾಚಿ ನಿಂತಿರುತ್ತಿದ್ದರು.

"ಆ ಮನುಷ್ಯ ಆಟನ ಬೈಬಲ್ ಓದಿದ ಹಾಗೆ ಓದ್ತಾನೆ. ದೇವರು ಕೊಟ್ಟ ಬುದ್ಧಿ," ಎಂದು ಎಲ್ಮರ್ ವರ್ಷವರ್ಷವೂ ಆಸ್ಕರನ ಅಂಗಡಿಯಲ್ಲಿ ಧಾರಾಳವಾಗಿ ಹೊಗಳುತ್ತಿದ್ದ. ಸೋಲಿಸಿದವನು ಮಹಾಪಂಡಿತನಾದರೆ ಸೋತವನಿಗೂ ಒಂದು ಸಮಾಧಾನ.

ಹಿಲ್ಮಾ ಮಾತ್ರ, "ಅವನು ಆಟ ಎಲ್ಲಿ ನೋಡ್ತಾನೆ? ಇಡೀ ಹೊತ್ತು ನಿನ್ನನ್ನೇ ನೋಡ್ತಿರ್ತಾನೆ," ಎನ್ನುತ್ತಿದ್ದಳು.

"ಗೌರವ ಅದು," ಎನ್ನುತ್ತಿದ್ದ ಎಲ್ಮರ್.

ಈ ಸಲವೂ ಮೆಂಕೆ ಬಂದ. ಬಂದವನು ಬೆಂಚಿನಲ್ಲಿ ಡ್ವೇನನ್ನು ಒಮ್ಮೆ ನೋಡಿ, ಆಮೇಲೆ ಹುಡುಕಾಡಿ, ಮೆಟ್ಟಿಲ ನಡುವಿನ ಮಫ್ಲರ್ ಕಟ್ಟಿದ ತಲೆಯ ಮೇಲೆ ಕಣ್ಣು ನೆಟ್ಟ. ಸೆಪ್ಟೆಂಬರಿನ ಸುದ್ದಿ ಅವನಿಗೂ ಮುಟ್ಟಿತ್ತು: ಹ್ಯಾಲ್ಸ್‌ಬರ್ಗ್ ತಂಡವನ್ನು ಈಗಲೂ ಮುದುಕನೇ ಮೇಲಿನಿಂದ ಆಡಿಸುತ್ತಾನೆ. ಆದರೆ ಮುದುಕ ಅಲುಗಾಡುತ್ತಲೇ ಇಲ್ಲ. ಮೆಂಕೆಗೆ ತಳಮಳ. ಅವನ ಹುಡುಗರು ತಮ್ಮ ಕೋಚ್ ಕಡೆ ನೋಡುತ್ತಾರೆ, ಕೋಚ್ ಎಲ್ಮರನ ಕಡೆ ನೋಡುತ್ತಾನೆ, ಎಲ್ಮರ್ ಹೆಂಡತಿ ಕೊಟ್ಟ ಬನ್ನು ಅಗಿಯುತ್ತಾನೆ.

ಹೀಗಾಗಿ ಆಟ ಹೆಚ್ಚುಕಡಿಮೆ ಸಮಬಲದಲ್ಲೇ ಎಳೆಯಿತು. ಕೊನೆಯ ಕಾಲು ಭಾಗಕ್ಕೆ ಬಂದಾಗ ಮಾರ್ಟಿನ್ಸ್‌ಡೇಲ್ ಆರು ಅಂಕ ಮುಂದೆ. ಚೆಂಡು ನಮ್ಮದು, ಆದರೆ ನಮ್ಮ ಅರ್ಧದಲ್ಲೇ ಇದೆ. ಮೂರನೆಯ ಸರದಿ, ಏಳು ಗಜ ಬಾಕಿ. ಎಲ್ಮರನ ಮೈಯ ಎಲುಬೆಲುಬೂ, ಒದಿ, ಒದಿ ಎನ್ನುತ್ತಿತ್ತು. ಅವನು ಅಂಗೈಗಳನ್ನು ತೊಡೆಯ ಕೆಳಗೆ ಇನ್ನಷ್ಟು ತೂರಿಸಿದ.

ಅದೇ ಹೊತ್ತಿಗೆ ಅಧ್ಯಕ್ಷರ ಹೆಂಡತಿ ಎಡಿತ್ ಬ್ರೋಡಿನ್ ಕಾಫಿಯ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಆಕೆ ಆಟಕ್ಕೆ ಬರುವುದೇ ಅಪರೂಪ, ಬಂದರೂ ಮುಗಿಯುವ ಹೊತ್ತಿಗೆ. ಎಲ್ಮರನ ಮುಂದೆ ನಿಂತು, "ಚೆನ್ನಾಗಿದೀರಾ ಮಿಸ್ಟರ್ ನೈಬರ್ಗ್?" ಎಂದರು.

ಹ್ಯಾಲ್ಸ್‌ಬರ್ಗಿನಲ್ಲಿ ಹೆಂಗಸು ಮಾತಾಡಿಸಿದಾಗ ಟೋಪಿ ಎತ್ತದ ಗಂಡಸು ಒಂದೋ ಕುಡಿದಿರಬೇಕು, ಇಲ್ಲ ಸತ್ತಿರಬೇಕು. ಎಲ್ಮರ್ ಕತ್ತನ್ನಷ್ಟೇ ಬಗ್ಗಿಸಿ, "ಚೆನ್ನಾಗಿದೀನಿ ತಾಯಿ," ಎಂದ. ಕೈ ಹೊರಗೆ ಬರಲಿಲ್ಲ. ಆಕೆ ಕಾದರು. ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಎಲ್ಮರ್," ಎಂದರು ಡಾಕ್ಟರ್ ಬ್ರೋಡಿನ್, ತಗ್ಗಿದ ದನಿಯಲ್ಲಿ. "ಎಡಿತ್ ಬಂದಿದ್ದಾಳೆ."

"ಕಾಣ್ತಿದೆ, ಡಾಕ್ಟ್ರೇ."

"ಹಾಗಾದರೆ ಟೋಪಿ?"

"ನೀವೇ ಹೇಳಿದ್ರಲ್ಲ."

"ನಾನು ಹೇಳಿದ್ದು ಆಟದ ವಿಷಯ. ಇವಳು ನನ್ನ ಹೆಂಡತಿ."

ಎಲ್ಮರ್ ಮೈದಾನ ನೋಡಿದ. ಆಕೆಯ ಮುಖ ನೋಡಿದ. ಅದು ನಿಧಾನವಾಗಿ ಕೆಂಪಾಗುತ್ತಿತ್ತು. ಅವನು ತೊಡೆಯ ಕೆಳಗಿನಿಂದ ಕೈ ತೆಗೆದ. ಮರಗಟ್ಟಿದ ಬೆರಳುಗಳಿಗೆ ಗಂಟು ಬಿಚ್ಚಲು ಬರಲಿಲ್ಲ. "ತಡಿ, ತಡಿ, ಕತ್ತು ಮೇಲೆತ್ತು," ಎಂದು ಹಿಲ್ಮಾ ಕೈಹಾಕಿದಳು. ಮೊದಲ ಗಂಟು ಬಿಚ್ಚಿತು. ಎರಡನೆಯದು ಬಿಗಿದಿತ್ತು, ಹಲ್ಲು ಹಚ್ಚಿದಳು. ಸಾಲುಸಾಲು ಜನ ಆಟ ಬಿಟ್ಟು ಇದನ್ನೇ ನೋಡತೊಡಗಿದರು.

ಮೈದಾನದ ಆಚೆ ಗಸ್ ಮೆಂಕೆಯೂ ನೋಡುತ್ತಿದ್ದ. ಏನೋ ಬರುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಹೆಂಡತಿಯ ಕೈಯಲ್ಲಿ ಗಂಟು ಬಿಚ್ಚಿಸುವಷ್ಟು ತುರ್ತು ಎಂದರೆ ಸಣ್ಣದಲ್ಲ. ಮಫ್ಲರ್ ಕಳಚಿತು. ಕಂದು ಟೋಪಿ, ಎರಡು ತಿಂಗಳ ಮೇಲೆ ಮೊದಲ ಸಲ ಆಟದ ನಡುವೆ, ತಲೆಯಿಂದ ಎದ್ದಿತು.

ಮೆಂಕೆ ಪಟಪಟನೆ ಎರಡು ಸಲ ತೊಡೆ ತಟ್ಟಿದ. ಅವನ ಹುಡುಗರು ಅದನ್ನು ನೋಡಿದ್ದೇ, ಒದೆತ ಹಿಡಿಯಲೆಂದು, ಹಿಂದೆ ಹಿಂದೆ ಹಿಂದೆ ಓಡಿದರು.

ಮೆರ್ಲ್ ಮೆಟ್ಟಿಲ ಕಡೆ ನೋಡಲೇ ಇಲ್ಲ. ಅವನು ಮೊದಲೇ ಹೇಳಿಟ್ಟಿದ್ದ ಆಟದಂತೆ ಚೆಂಡು ಬಗಲಿಗೆ ಸೇರಿಸಿ ನಡುವಿನಿಂದ ನುಗ್ಗಿದ. ನುಗ್ಗಿದವನಿಗೆ ಎದುರಿಗೆ ಯಾರೂ ಇಲ್ಲ. ಅನುಮಾನದಿಂದ ಒಂದು ಕ್ಷಣ ಓಟ ನಿಧಾನ ಮಾಡಿದ, ಸೀಟಿ ಊದಿದರೇನೋ ಎಂದು ಹಿಂದೆ ತಿರುಗಿ ನೋಡಿದ, ಆಮೇಲೆ ಹೊಲದಲ್ಲಿ ಮೊಲ ಓಡಿದ ಹಾಗೆ ಗೆರೆ ದಾಟುವ ತನಕ ಓಡಿದ. ಅದರ ಮೇಲಿನ ಒಂದು ಅಂಕವನ್ನೂ ಒದ್ದು ಗಳಿಸಿದರು. ಹ್ಯಾಲ್ಸ್‌ಬರ್ಗ್ ಒಂದು ಅಂಕ ಮುಂದೆ.

ಮೆಟ್ಟಿಲೆಲ್ಲ ಎದ್ದು ಕುಣಿಯುತ್ತಿತ್ತು. ಎಲ್ಮರ್ ಟೋಪಿ ಕೈಯಲ್ಲಿ ಹಿಡಿದೇ ನಿಂತಿದ್ದ. ಮೈದಾನದ ಆಚೆ ಮೆಂಕೆ ತನ್ನ ಟೋಪಿಯನ್ನು ನೆಲಕ್ಕೆ ಬಡಿದು, ನೇರ ಅವನ ಕಡೆ ಬೆರಳು ಚಾಚಿ ಕೂಗಿದ. ಗಾಳಿ ಇತ್ತ ಕಡೆಗೇ ಬೀಸುತ್ತಿತ್ತು.

"ಲೋ ನೈಬರ್ಗ್, ಟೋಪಿ ತೆಗೆದ್ಮೇಲೆ ಒದೀಬೇಕು ಕಣೋ. ಏಳು ವರ್ಷದಿಂದ ಒದ್ದಿದೀಯ, ಇವತ್ತೇನ್ ಬಂತು ನಿಂಗೆ?"

ಎಲ್ಮರ್ ನಿಧಾನವಾಗಿ ಕೂತ.

"ಹಿಲ್ಮಾ, ಅವನು ಗೌರವಕ್ಕೆ ನೋಡ್ತಿರಲಿಲ್ಲ," ಎಂದ.

"ಇಲ್ಲಪ್ಪಾ," ಎಂದಳು ಅವಳು, ಮೃದುವಾಗಿಯೇ. "ಆದ್ರೆ ಏಳು ವರ್ಷ ಒಬ್ರು ಕಣ್ಣು ಮಿಟುಕಿಸದೆ ನೋಡೋದೂ ಸಣ್ಣ ವಿಷಯ ಅಲ್ಲ. ನಾನು ಕೂಡ ಅಷ್ಟು ನೋಡಿಲ್ಲ."

ಬೈಬಲ್ ಓದಿದ ಹಾಗೆ ಓದುತ್ತಾನೆ ಎಂದು ತಾನು ಆಸ್ಕರನ ಅಂಗಡಿಯಲ್ಲಿ ಹೇಳಿದ್ದೆಲ್ಲ ಎಲ್ಮರನಿಗೆ ಒಂದೊಂದಾಗಿ ನೆನಪಾಯಿತು. ಓದಿದ್ದು ನಿಜ, ಪುಸ್ತಕ ಯಾವುದು ಎಂಬುದಷ್ಟೇ ಗೊತ್ತಿರಲಿಲ್ಲ. ಕಿವಿ ಬಿಸಿಯಾಯಿತು. ಎಳೆದುಕೊಳ್ಳಲು ಧೈರ್ಯ ಬರಲಿಲ್ಲ.

ಡಾಕ್ಟರ್ ಬ್ರೋಡಿನ್ ಗಂಭೀರವಾಗಿ ಇತ್ತ ತಿರುಗಿದರು. "ಎಲ್ಮರ್, ಆತ ಹೇಳಿದ್ದು ಕೇಳಿಸಿತು. ಟೋಪಿಯೇ ಸನ್ನೆ ಎಂದಾದ ಮೇಲೆ, ನಾನು ಕೊಟ್ಟ ಎಚ್ಚರಿಕೆ..."

"ಥಿಯೋಡರ್," ಎಂದರು ಎಡಿತ್ ಗಂಡನಿಗೆ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ. "ಅವರು ಟೋಪಿ ತೆಗೆದಿದ್ದು ನಂಗೆ. ತೆಗೆಯೋಕೆ ಹೇಳಿದ್ದು ನೀವು. ಒಕ್ಕೂಟದವರು ಫೋನ್ ಮಾಡಿದ್ರೆ ನಂಗೆ ಕೊಡಿ, ನಾನು ಮಾತಾಡ್ತೀನಿ."

ಅಧ್ಯಕ್ಷರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಅದೂ ಸರಿ," ಎಂದರು. ಆಮೇಲೆ, "ಮುಂದಿನ ವರ್ಷವೂ ಇಲ್ಲೇ ಕೂತುಕೊಳ್ಳೋಣ, ಎಲ್ಮರ್," ಎಂದರು. ಎಡಿತ್ ಮೊದಲ ಬಟ್ಟಲು ಕಾಫಿಯನ್ನು ಎಲ್ಮರನಿಗೇ ಕೊಟ್ಟರು.

ಆಟಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ಮಾರ್ಟಿನ್ಸ್‌ಡೇಲ್ ಗುದ್ದಾಡಿ ಸೋತು ಚೆಂಡು ಮತ್ತೆ ನಮಗೆ ಬಂತು. ಕೆಳಗೆ ಬೆಂಚಿನಲ್ಲಿದ್ದ ಡ್ವೇನ್ ಹಿಂದಕ್ಕೆ ತಿರುಗಿದ. ಸೆಪ್ಟೆಂಬರಿನ ಆ ಆಟದ ಮೇಲೆ ಅವನು ಮೆಟ್ಟಿಲ ಕಡೆ ನೋಡಿದ್ದು ಅದೇ ಮೊದಲು. ಮೆಂಕೆಯ ಕೂಗು ಅವನಿಗೂ ಕೇಳಿಸಿತ್ತು. ಅವನ ಭುಜ ನಗುವಿನಿಂದ ಕುಣಿಯುತ್ತಿತ್ತು. ಎಲ್ಮರನ ಕಣ್ಣಿಗೆ ಕಣ್ಣಿಟ್ಟು, ಡ್ವೇನ್ ಒಂದು ಬೆರಳಿಂದ ತನ್ನ ಮೂಗನ್ನು ಎರಡು ಸಲ ತಟ್ಟಿ ತೋರಿಸಿದ.

ಹೀಗೆ ಸನ್ನೆ ಹೇಳಿಸಿಕೊಂಡದ್ದು ಎಲ್ಮರನ ಜೀವಮಾನದಲ್ಲೇ ಮೊದಲು. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಬಟ್ಟಲನ್ನು ಹಿಲ್ಮಾಳ ಕೈಗೆ ಕೊಟ್ಟು, ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕಾಣುವ ಹಾಗೆ ಮೂಗು ಕೆರೆದುಕೊಂಡ.

ಆಚೆ ಮೆಂಕೆ ಹಲ್ಲು ಕಚ್ಚಿ ಮುಖ ಬೇರೆ ಕಡೆ ತಿರುಗಿಸಿದ. ಆದರೆ ಏಳು ವರ್ಷದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಕತ್ತು ತಿರುಗಿದರೂ ಕೈ ತಾನಾಗಿ ಎಡ ತೊಡೆ ತಟ್ಟಿತು, ಅವನ ಹುಡುಗರು ದಬದಬನೆ ಎಡದ ಕಡೆ ಹೋಗಿ ಗುಂಪಾದರು. ನಮ್ಮವರು ಬಲಕ್ಕೆ ನಡೆದುಕೊಂಡೇ ಹತ್ತು ಗಜ ಹೋದರು.

ನಮ್ಮ ಹುಡುಗರಲ್ಲಿ ಒಬ್ಬನೂ ಮೇಲೆ ನೋಡಿರಲಿಲ್ಲ. ಎಲ್ಮರ್ ಅದನ್ನು ಗಮನಿಸಿದ, ಮೆರ್ಲ್‌ನನ್ನು ವಿಶೇಷವಾಗಿ ಗಮನಿಸಿದ. ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿ, ಹಾಗೇ ಹೋಯಿತು.

"ಇನ್ನೊಂದ್ಸಲ ಕೆರ್ಕೋ," ಎಂದಳು ಹಿಲ್ಮಾ. "ಚೆನ್ನಾಗ್ ಕೆಲಸ ಮಾಡತ್ತೆ."

"ಇರು," ಎಂದ ಎಲ್ಮರ್. ಮೂಗಿನ ಎಡ ಹೊಳ್ಳೆಯ ಪಕ್ಕ, ಉಣ್ಣೆಯ ಎಳೆ ತಾಕಿದ ಕಡೆ, ನಿಜವಾಗಿಯೂ ತುರಿಸುತ್ತಿತ್ತು. ಅವನು ಕಣ್ಣು ಮುಚ್ಚಿ, ಯಾವ ಕಡೆಗೂ ಯಾರನ್ನೂ ಓಡಿಸದೆ, ಸಮಾಧಾನವಾಗಿ ಅದನ್ನು ಕೆರೆದುಕೊಂಡ.